ಪುದೀನ, ಪೀಚ್ ಹಾಕುವುದು ವಿಸ್ಕಿಯನ್ನು ಮರೆಮಾಡಲಿಕ್ಕಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬೇಸಿಗೆಯ ಕಾಕ್‌ಟೇಲ್‌ಗಳ ಬಗ್ಗೆ ಪ್ರಕಟವಾದ ಬರಹವನ್ನು, ಅದರಲ್ಲೂ ಪುದೀನ ಮತ್ತು ಪೀಚ್ ಹಣ್ಣು ಹಾಕಿ ಬೋರ್ಬನ್ ವಿಸ್ಕಿಯಿಂದ ಮಾಡುವ ಪಾನೀಯದ ವಿಧಾನವನ್ನು, ಎರಡೆರಡು ಬಾರಿ ಓದಿದೆ. ನಾನು ಹಾವೇರಿ ಜಿಲ್ಲೆಯವನು. ಕಳೆದ ಹದಿನಾರು ವರ್ಷಗಳಿಂದ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿದ್ದೇನೆ. ಬೋರ್ಬನ್ ಹುಟ್ಟಿ ಬೆಳೆದ ಸೀಮೆಯ ನೀರು ಕುಡಿಯುತ್ತಿರುವುದರಿಂದ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಬರಹದಲ್ಲಿ ಬೋರ್ಬನ್ ಸಿಗದಿದ್ದರೆ ಯಾವ ವಿಸ್ಕಿಯಾದರೂ ಆದೀತು ಎಂದಿದೆ. ಪುದೀನ ಸೊಪ್ಪನ್ನು ಸಕ್ಕರೆಯೊಂದಿಗೆ ಮಿಕ್ಸಿಯಲ್ಲಿ ರುಬ್ಬಬೇಕು, ಸೊಪ್ಪಿಲ್ಲದಿದ್ದರೆ ಪೆಪ್ಪರ್‌ಮಿಂಟ್ ಎಸೆನ್ಸ್ ಎರಡು ಹನಿ ಬಿಡಬೇಕು ಎಂದಿದೆ. ಡಬ್ಬಿಯ ಪೀಚ್ ಹಣ್ಣನ್ನು ಅದರ ಪಾಕದ ಸಮೇತ ಸುರಿಯಲು ಹೇಳಿದೆ. ಇವೆಲ್ಲಕ್ಕೂ ಕೊಟ್ಟಿರುವ ಕಾರಣವೇ ನನ್ನ ಮುಖ್ಯ ತಕರಾರು. ಹಣ್ಣು ಮತ್ತು ಪುದೀನ ವಿಸ್ಕಿಯ ಒರಟು ವಾಸನೆಯನ್ನು ಮುಚ್ಚಿಹಾಕುತ್ತವೆ, ಆದ್ದರಿಂದ ಇದು ಹೊಸಬರಿಗೂ ಹಗುರವಾದ ಪಾನೀಯ ಎನ್ನುತ್ತದೆ ಬರಹ. ನಾನು ತಿಳಿದ ಮಟ್ಟಿಗೆ ಸಂಗತಿ ಇದಕ್ಕೆ ತೀರ ವಿರುದ್ಧವಾದದ್ದು. ಮುಚ್ಚಿಹಾಕಬೇಕಾದ ವಿಸ್ಕಿಯಿಂದ ಈ ಪಾನೀಯವನ್ನು ಮಾಡಲೇಬಾರದು. ಪುದೀನ, ಪೀಚ್, ನಿಂಬೆ ಇವುಗಳನ್ನು ಆರಿಸಿರುವುದೇ ಬೋರ್ಬನ್ನಿನಲ್ಲಿ ಮೊದಲೇ ಇರುವ ಗುಣಗಳನ್ನು ಎತ್ತಿ ತೋರಿಸಲು.

ಮೊದಲು ಹೆಸರಿನ ವಿಷಯ. ಬರಹದಲ್ಲಿ ಇದನ್ನು ಪೀಚ್ ಜೂಲೆಪ್ ಎಂದು ಕರೆಯಲಾಗಿದೆ. ಇಲ್ಲಿನ ಬಾರ್‌ಗಳಲ್ಲಿ ಅದಕ್ಕೆ ಪೀಚ್ ಸ್ಮ್ಯಾಶ್ ಎನ್ನುತ್ತಾರೆ. ಜೂಲೆಪ್ ಎಂದರೆ ವಿಸ್ಕಿ, ಸಕ್ಕರೆ, ಪುದೀನ ಮತ್ತು ಪುಡಿ ಮಾಡಿದ ಐಸ್, ಇಷ್ಟೇ. ಅದರಲ್ಲಿ ಹುಳಿ ಇರುವುದಿಲ್ಲ. ಸ್ಮ್ಯಾಶ್ ಅದರ ತಂಗಿ. 1862ರಲ್ಲಿ ಬಾರ್‌ಟೆಂಡರ್ ಜೆರ್ರಿ ಥಾಮಸ್ ತನ್ನ ಕೈಪಿಡಿಯಲ್ಲಿ ಸ್ಮ್ಯಾಶನ್ನು ಜೂಲೆಪ್‌ನ ಚಿಕ್ಕ ರೂಪವೆಂದೇ ವಿವರಿಸಿದ್ದ. ನಿಂಬೆಯನ್ನು ಸಿಪ್ಪೆ ಸಮೇತ ಜಜ್ಜಿ ಹಾಕುವ ಈಗಿನ ರೂಢಿಯನ್ನು ನಮ್ಮ ಕಾಲದಲ್ಲಿ ಜನಪ್ರಿಯಗೊಳಿಸಿದವರು ನ್ಯೂಯಾರ್ಕಿನ ಡೇಲ್ ಡಿಗ್ರಾಫ್. ಜೂಲೆಪ್ ಎಂಬ ಪದ ಮಾತ್ರ ನಮಗೆ ಅಪರಿಚಿತವಲ್ಲ. ಪಾರಸಿ ಭಾಷೆಯಲ್ಲಿ ಗುಲ್ ಎಂದರೆ ಗುಲಾಬಿ, ಆಬ್ ಎಂದರೆ ನೀರು. ಆ ಗುಲಾಬ್ ಅರಬ್ಬಿಗೆ ಹೋಗಿ ಜುಲ್ಲಾಬ್ ಆಯಿತು, ಲ್ಯಾಟಿನ್ ಮತ್ತು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ಜೂಲೆಪ್ ಆಯಿತು. ಕಹಿ ಔಷಧಿಯನ್ನು ಕುಡಿಸಲು ವೈದ್ಯರು ಬಳಸುತ್ತಿದ್ದ ಸಿಹಿ ಪಾಕಕ್ಕೆ ಆ ಹೆಸರಿತ್ತು. ಅದೇ ಪದ ಇನ್ನೊಂದು ದಾರಿ ಹಿಡಿದು ನಮ್ಮ ಕಡೆಗೆ ಬಂದು, ಹೊಟ್ಟೆ ತೊಳೆಯಲು ಕೊಡುವ ಭೇದಿ ಔಷಧಿಯ ಹೆಸರಾಗಿ ಜುಲಾಬು ಎಂದು ನಿಂತಿದೆ. ಊರಿನಿಂದ ಬಂದಿದ್ದ ನನ್ನ ಸೋದರಮಾವನವರಿಗೆ ಇಲ್ಲಿನ ಪ್ರಸಿದ್ಧ ಪಾನೀಯ ಜೂಲೆಪ್ ಎಂದು ಹೇಳಿದಾಗ ಅವರು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ‘ಬ್ಯಾಡಪ್ಪ, ನಾಳೆ ವಿಮಾನ ಹತ್ತೋದೈತಿ’ ಎಂದದ್ದನ್ನು ನಮ್ಮ ಮನೆಯಲ್ಲಿ ಇಂದಿಗೂ ನೆನೆಯುತ್ತೇವೆ.

1803ರಲ್ಲಿ ಅಚ್ಚಾದ ಪ್ರವಾಸ ಬರಹವೊಂದರಲ್ಲಿ, ವರ್ಜೀನಿಯಾದ ಜನ ಬೆಳಗಿನ ಹೊತ್ತು ಪುದೀನ ನೆನೆಸಿದ ಮದ್ಯವನ್ನು ಕುಡಿಯುತ್ತಾರೆಂಬ ಉಲ್ಲೇಖ ಸಿಗುತ್ತದೆ. ಆಗ ಅದರಲ್ಲಿ ಬೋರ್ಬನ್ ಇರಲೇಬೇಕೆಂಬ ನಿಯಮವಿರಲಿಲ್ಲ. ಜೆರ್ರಿ ಥಾಮಸನ ಜೂಲೆಪ್‌ನಲ್ಲಿಯೂ ಇದ್ದದ್ದು ಫ್ರಾನ್ಸಿನ ಕೊನ್ಯಾಕ್ ಬ್ರಾಂದಿ. ದ್ರಾಕ್ಷಿ ಬೇರಿಗೆ ಹತ್ತುವ ಫಿಲೋಕ್ಸೆರಾ ಎಂಬ ಕೀಟ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿ ಬ್ರಾಂದಿ ದುಬಾರಿಯಾದ ಮೇಲೆ, ಅಮೆರಿಕದ ಬಾರ್‌ಗಳಲ್ಲಿ ಅದರ ಜಾಗವನ್ನು ಅಲ್ಲಿನದೇ ವಿಸ್ಕಿ ಇನ್ನಷ್ಟು ಆಕ್ರಮಿಸಿಕೊಂಡಿತು. ಇಂದು ಜೂಲೆಪ್ ಎಂದರೆ ಜನರ ಕಣ್ಣಿಗೆ ಬರುವುದು 1875ರಿಂದ ನಡೆದುಬಂದಿರುವ ಕೆಂಟಕಿ ಡರ್ಬಿ ಕುದುರೆ ಓಟ. ಸಾಮಾನ್ಯವಾಗಿ ಮೇ ತಿಂಗಳ ಮೊದಲ ಶನಿವಾರ ನಡೆಯುವ ಆ ಓಟದ ದಿನ ನಮ್ಮ ಊರಿನ ಚರ್ಚಿಲ್ ಡೌನ್ಸ್ ಮೈದಾನದಲ್ಲಿ ತಲೆಗೊಂದು ಅಗಲ ಟೋಪಿ, ಕೈಗೊಂದು ಜೂಲೆಪ್ ಲೋಟ. ಆ ನೂಕುನುಗ್ಗಲಿನಲ್ಲಿ ಮಾರುವ ಪಾನೀಯ ಬಹುಮಟ್ಟಿಗೆ ಮೊದಲೇ ಬೆರೆಸಿಟ್ಟದ್ದು ಮತ್ತು ವಿಪರೀತ ಸಿಹಿ. ಅದನ್ನು ಕುಡಿದು ಜೂಲೆಪ್ ಇಷ್ಟೇ ಎಂದು ತೀರ್ಮಾನಿಸುವುದು, ಜಾತ್ರೆಯ ಅಂಗಡಿಯ ಜಿಲೇಬಿ ತಿಂದು ಜಿಲೇಬಿಯನ್ನೇ ಬೈದಂತೆ. ಪೀಚ್ ಹಣ್ಣಾಗುವುದು ಡರ್ಬಿ ಮುಗಿದ ಮೇಲೆ, ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಸ್ಮ್ಯಾಶ್‌ನ ಕಾಲ.

ಇನ್ನು ಬೋರ್ಬನ್. ಇದು ಬ್ರಾಂಡಿನ ಹೆಸರಲ್ಲ, ರುಚಿಯ ವರ್ಣನೆಯೂ ಅಲ್ಲ. ಅಮೆರಿಕದ ಕಾನೂನು ಅಳತೆ ಹಾಕಿ ಗೆರೆ ಎಳೆದಿರುವ ಪದಾರ್ಥ. ಮುಚ್ಚಳ ತೆರೆಯುವ ಮೊದಲೇ ಬಾಟಲಿಯೊಳಗೆ ಏನಿದೆ ಎಂಬುದನ್ನು ಆ ಕಾನೂನು ನಮಗೆ ಹೇಳಿಬಿಡುತ್ತದೆ. ಧಾನ್ಯದಲ್ಲಿ ಕನಿಷ್ಠ ಶೇ 51ರಷ್ಟು ಮೆಕ್ಕೆಜೋಳ ಇರಬೇಕು, ನಮ್ಮ ಹಾವೇರಿ ಕಡೆಯ ಮಾತಿನಲ್ಲಿ ಗೋವಿನಜೋಳ. ಉಳಿದದ್ದು ಸಾಮಾನ್ಯವಾಗಿ ರೈ ಅಥವಾ ಗೋಧಿ ಮತ್ತು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಬಟ್ಟಿ ಇಳಿಸುವಾಗ ಮದ್ಯಸಾರ ಶೇ 80ನ್ನು ದಾಟಬಾರದು. ಅದಕ್ಕೂ ಮೇಲೆ ಶುದ್ಧ ಮಾಡುತ್ತ ಹೋದರೆ ಧಾನ್ಯದ ಗುಣ ಕಳೆದುಹೋಗಿ ಬರೀ ಸ್ಪಿರಿಟ್ ಉಳಿಯುತ್ತದೆ. ಪೀಪಾಯಿಗೆ ತುಂಬುವಾಗ ಶೇ 62.5ಕ್ಕಿಂತ ಹೆಚ್ಚಿರಬಾರದು, ಬಾಟಲಿಗೆ ತುಂಬುವಾಗ ಶೇ 40ಕ್ಕಿಂತ ಕಡಿಮೆಯಿರಬಾರದು. ಬಣ್ಣವನ್ನಾಗಲಿ ಎಸೆನ್ಸನ್ನಾಗಲಿ ಬೆರೆಸುವಂತಿಲ್ಲ. ಸ್ಟ್ರೇಟ್ ಎಂದು ಚೀಟಿಯ ಮೇಲಿದ್ದರೆ ಕನಿಷ್ಠ 2 ವರ್ಷ ಪೀಪಾಯಿಯಲ್ಲಿತ್ತೆಂದು ಅರ್ಥ. ಬಾಟಲ್ಡ್ ಇನ್ ಬಾಂಡ್ ಎಂದಿದ್ದರೆ, 1897ರ ಕಾಯ್ದೆಯ ಪ್ರಕಾರ, ಒಂದೇ ಭಟ್ಟಿಯಲ್ಲಿ ಒಂದೇ ಹಂಗಾಮಿನಲ್ಲಿ ತಯಾರಾಗಿ, ಕನಿಷ್ಠ 4 ವರ್ಷ ಕಳೆದು, ಸರಿಯಾಗಿ ಶೇ 50ರ ಸಾರದಲ್ಲಿ ಬಾಟಲಿಗಿಳಿದದ್ದು. ಕೆಂಟಕಿಯಲ್ಲೇ ತಯಾರಾಗಬೇಕೆಂಬ ನಿಯಮವಿಲ್ಲ. ಅಮೆರಿಕದ ಯಾವ ಮೂಲೆಯಲ್ಲಾದರೂ ಆಗಬಹುದು. 1964ರಲ್ಲಿ ಅಲ್ಲಿನ ಸಂಸತ್ತು ಬೋರ್ಬನ್ ಅಮೆರಿಕದ ವಿಶಿಷ್ಟ ಉತ್ಪನ್ನವೆಂದು ನಿರ್ಣಯ ಮಾಡಿತು. ನಮ್ಮಲ್ಲಿ ಬೋರ್ಬನ್ ಎಂದೊಡನೆ ನಡುವೆ ಚಾಕೊಲೇಟ್ ಮೆತ್ತಿದ ಬಿಸ್ಕತ್ತೇ ನೆನಪಾಗುವುದು ಸಹಜ. ಬಿಸ್ಕತ್ತಿನ ಹೆಸರಿನಲ್ಲೂ, 1785ರಲ್ಲಿ ಇಲ್ಲಿ ರಚನೆಯಾದ ಬೋರ್ಬನ್ ಕೌಂಟಿಯ ಹೆಸರಿನಲ್ಲೂ ಇರುವುದು ಅದೇ ಫ್ರೆಂಚ್ ರಾಜಮನೆತನ. ಲೂಯಿವಿಲ್‌ಗೆ ಹೆಸರು ಕೊಟ್ಟ ಹದಿನಾರನೆಯ ಲೂಯಿ ಕೂಡ ಆ ಮನೆತನದವನೇ.

ಆ ಕಾನೂನಿನ ಅತಿ ಮುಖ್ಯ ಸಾಲನ್ನು ಕೊನೆಗಿಟ್ಟಿದ್ದೇನೆ: ಓಕ್ ಮರದ ಪೀಪಾಯಿ ಹೊಸದಾಗಿರಬೇಕು ಮತ್ತು ಅದರ ಒಳಮೈಯನ್ನು ಬೆಂಕಿಯಲ್ಲಿ ಕರಕಲಾಗುವಂತೆ ಸುಟ್ಟಿರಬೇಕು. ಒಮ್ಮೆ ಪೀಪಾಯಿ ಕಟ್ಟುವ ಕಾರ್ಖಾನೆಗೆ ಹೋಗಿದ್ದೆ. ಹಲಗೆಗಳನ್ನು ಕಬ್ಬಿಣದ ಬಳೆಗಳಲ್ಲಿ ಬಿಗಿದು ನಿಲ್ಲಿಸಿದ ಪೀಪಾಯಿಯೊಳಗೆ ಬೆಂಕಿಯನ್ನು ಊದುತ್ತಿದ್ದರು. ಒಂದು ನಿಮಿಷವೂ ಆಗಿರಲಿಲ್ಲ, ಒಳಗೋಡೆ ಮೊಸಳೆಯ ಬೆನ್ನಿನಂತೆ ಬಿರುಕುಬಿಟ್ಟು ಕಪ್ಪಾಯಿತು. ವಾಸನೆ ಮಾತ್ರ ಸುಟ್ಟ ಕಟ್ಟಿಗೆಯದಲ್ಲ. ಆಲೆಮನೆಯಲ್ಲಿ ಬೆಲ್ಲದ ಪಾಕ ಕೊಪ್ಪರಿಗೆಯ ಅಂಚಿಗೆ ಹತ್ತಿ ಕಂದಿದಾಗ ಬರುವ ಘಮದ ಹಾಗಿತ್ತು, ಮತ್ತು ಹಾಗಿರಲು ಕಾರಣವೂ ಇದೆ. ಮರದ ಹೆಮಿಸೆಲ್ಯುಲೋಸ್ ಶಾಖಕ್ಕೆ ಒಡೆದು ಸಕ್ಕರೆಗಳಾಗಿ ಕಂದುತ್ತದೆ. ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ, ಐಸ್‌ಕ್ರೀಮಿನ ವೆನಿಲಾ ಪರಿಮಳದ ಮುಖ್ಯ ಅಂಶ ಅದೇ. ಇದಲ್ಲದೆ ಅಮೆರಿಕದ ಬಿಳಿ ಓಕಿನಲ್ಲಿ ವಿಸ್ಕಿ ಲ್ಯಾಕ್ಟೋನ್ ಎಂದೇ ಕರೆಸಿಕೊಳ್ಳುವ ಒಂದು ಸಂಯುಕ್ತವಿದೆ, ಮೂಗಿಗೆ ಅದು ಹಸಿ ಕೊಬ್ಬರಿಯಂತೆ. ಬೇಸಿಗೆಯ ಧಗೆಗೆ ಮದ್ಯ ಹಿಗ್ಗಿ ಮರದೊಳಗೆ ಇಳಿಯುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ಪೀಪಾಯಿ ಹೊಸದಾದ್ದರಿಂದ ಒಂದೊಂದು ಸಲವೂ ಕೈತುಂಬ ತರುತ್ತದೆ. ಬೋರ್ಬನ್ನಿನ ಬಣ್ಣವೆಲ್ಲ ಹೀಗೆ ಬಂದದ್ದು. ಭಾರತದಲ್ಲಿ ಕಡಿಮೆ ಬೆಲೆಗೆ ಸಿಗುವ ಹಲವು ವಿಸ್ಕಿಗಳಾದರೋ ಕಾಕಂಬಿಯಿಂದ ತೆಗೆದ ಸ್ಪಿರಿಟ್‌ಗೆ ಅಲ್ಪಸ್ವಲ್ಪ ಮಾಲ್ಟ್ ವಿಸ್ಕಿ ಮತ್ತು ಬಣ್ಣ ಬೆರೆಸಿದಂಥವು. ಅವುಗಳನ್ನು ಹೀಗಳೆಯಲು ಈ ಮಾತು ಹೇಳುತ್ತಿಲ್ಲ. ಆದರೆ ಮರದ ವೆನಿಲಾ, ಕೊಬ್ಬರಿ, ಕಂದಿದ ಸಕ್ಕರೆ ಇವುಗಳನ್ನು ನಂಬಿ ಕಟ್ಟಿದ ಪಾನೀಯದಲ್ಲಿ ಅವನ್ನು ಬಳಸಿದರೆ ಪೀಚ್‌ಗೂ ಪುದೀನಕ್ಕೂ ಮಾತನಾಡಲು ಎದುರಿಗೆ ಯಾರೂ ಇರುವುದಿಲ್ಲ. ಯಾವ ವಿಸ್ಕಿಯಾದರೂ ಆದೀತು ಎಂಬುದು ಈ ಕಾರಣಕ್ಕೆ ತಪ್ಪು.

ಬೋರ್ಬನ್ ಸಿಗದವರು ಏನು ಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ ಬೆಂಗಳೂರಿನಲ್ಲೇ ಇದೆ. ಬೋರ್ಬನ್‌ಗೆ ಪ್ರತಿ ಸಲವೂ ಹೊಸ ಪೀಪಾಯಿಯೇ ಬೇಕಾದ್ದರಿಂದ ಒಮ್ಮೆ ಬಳಸಿದ ಪೀಪಾಯಿಗಳು ಲೋಕದ ತುಂಬ ಮಾರಾಟವಾಗುತ್ತವೆ. ಸ್ಕಾಟ್ಲೆಂಡಿಗೆ ಹೋಗುವಂತೆಯೇ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಹೋಗುತ್ತವೆ. 2004ರಲ್ಲಿ ಗ್ಲಾಸ್ಗೊದಲ್ಲಿ ಬಿಡುಗಡೆಯಾದ ಅಮೃತ್ ಸಿಂಗಲ್ ಮಾಲ್ಟ್ ಅಂಥ ಪೀಪಾಯಿಗಳಲ್ಲಿ ಮಾಗಿದ ಭಾರತೀಯ ಬಾರ್ಲಿಯ ವಿಸ್ಕಿ. ಬೆಂಗಳೂರಿನ ಹವೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 10ಕ್ಕೂ ಹೆಚ್ಚು ಆವಿಯಾಗಿ ಹೋಗುತ್ತದೆ, ಸ್ಕಾಟ್ಲೆಂಡಿನಲ್ಲಿ ಶೇ 2ರ ಆಸುಪಾಸು. ಅಂದರೆ ಮಾಗುವುದೂ ಬೇಗ. ಅದು ಬೋರ್ಬನ್ ಅಲ್ಲ, ಧಾನ್ಯವೇ ಬೇರೆ. ಆದರೂ ಕೆಂಟಕಿಯ ಓಕಿನ ನೆನಪು ಅದರಲ್ಲಿ ಉಳಿದಿರುತ್ತದೆ. ಅದನ್ನು ಹಾಗೇ ಸವಿಯುವುದು ಬಿಟ್ಟು ಪೀಚ್‌ನೊಂದಿಗೆ ಕುಲುಕುವುದು ದುಂದುಗಾರಿಕೆ ಎಂದು ನನಗನ್ನಿಸುತ್ತದೆ, ಅದು ಬೇರೆ ಮಾತು. 2025ರ ಫೆಬ್ರುವರಿಯಲ್ಲಿ ಭಾರತ ಬೋರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ ಶೇ 100ಕ್ಕೆ ಇಳಿಸಿದ್ದರಿಂದ, ಅದರ ಬಗ್ಗೆ ಬರೆಯುವವರು ಮತ್ತು ಕೊಳ್ಳುವವರು ಇಬ್ಬರೂ ಹೆಚ್ಚಿರುವುದು ನಿಮ್ಮ ಪುರವಣಿಯಿಂದಲೇ ತಿಳಿಯುತ್ತದೆ.

ಪುದೀನದ ಮಾತಿಗೆ ಬರುತ್ತೇನೆ. ನಿಮ್ಮ ಬರಹಗಾರರು ಮಾಡಿದ ತಪ್ಪನ್ನೇ ನಾನು ಹದಿನೈದು ವರ್ಷಗಳ ಹಿಂದೆ ಮಾಡಿದ್ದೆ. ಮನೆಗೆ ನಾಲ್ಕು ಮಂದಿ ಸ್ನೇಹಿತರು ಬಂದಿದ್ದರು. ಚಟ್ನಿ ರುಬ್ಬಿ ಅಭ್ಯಾಸವಿದ್ದ ಕೈ. ಒಂದು ಹಿಡಿ ಸೊಪ್ಪನ್ನು ದಂಟಿನ ಸಮೇತ ಸಕ್ಕರೆಯೊಂದಿಗೆ ಮಿಕ್ಸಿಗೆ ಹಾಕಿ ಗುಂಡಿ ಒತ್ತಿದೆ. ಮೊದಲು ಕಡುಹಸಿರಾಗಿದ್ದದ್ದು ಹತ್ತು ನಿಮಿಷದಲ್ಲಿ ಕೆರೆಯ ಪಾಚಿಯ ಬಣ್ಣಕ್ಕೆ ತಿರುಗಿತು, ಲೋಟದ ಅಂಚಿಗೆ ಚೂರುಗಳು ಅಂಟಿಕೊಂಡವು, ಕುಡಿದವರ ಹಲ್ಲಿಗೆ ಹಸಿರು ಮೆತ್ತಿತು. ನನ್ನ ಹೆಂಡತಿ ಮದ್ಯ ಮುಟ್ಟುವವಳಲ್ಲ, ಬರೀ ಮೂಸಿ ನೋಡಿ, ‘ಇದಕ್ಕೊಂದು ಒಗ್ಗರಣೆ ಕೊಟ್ಟಿದ್ದರೆ ಇಡ್ಲಿಗಾದರೂ ಆಗುತ್ತಿತ್ತು’ ಎಂದಳು. ರುಚಿ ಕಹಿ, ಒಗರು, ಹಸಿ ಹುಲ್ಲು. ಮರುವಾರ ಪಕ್ಕದ ಮನೆಯ ಹಿರಿಯರಿಗೆ, ಹೋಟೆಲ್ ಬಾರಿನಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರಿಗೆ, ಈ ಸಂಗತಿ ಹೇಳಿದೆ. ಅವರು ನಗಲಿಲ್ಲ. ಹಿತ್ತಿಲಿಗೆ ಕರೆದುಕೊಂಡು ಹೋಗಿ ಪುದೀನದ ತುದಿಯೊಂದನ್ನು ಚಿವುಟಿ, ಎಡ ಅಂಗೈಯ ಮೇಲಿಟ್ಟು ಬಲ ಅಂಗೈಯಿಂದ ಒಮ್ಮೆ ಚಪ್ಪಾಳೆ ತಟ್ಟಿದಂತೆ ಹೊಡೆದು ನನ್ನ ಮೂಗಿನ ಹತ್ತಿರ ಹಿಡಿದರು. ಎಲೆ ಒಂದಿಷ್ಟೂ ಹರಿದಿರಲಿಲ್ಲ. ಪರಿಮಳ ಮಾತ್ರ ಅಂಗಳದ ತುಂಬ.

ಆ ಚಪ್ಪಾಳೆಯ ಹಿಂದಿರುವ ಕಾರಣ ಸರಳವಾದದ್ದು. ಪುದೀನದ ಸುಗಂಧ ತೈಲ ಎಲೆಯ ಒಡಲಿನಲ್ಲಿ ಅಡಗಿರುವುದಿಲ್ಲ. ಎಲೆಯ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಂಥ ಗ್ರಂಥಿಗಳಲ್ಲಿ ತುಂಬಿರುತ್ತದೆ. ಅವು ಒಡೆಯಲು ಮೆಲ್ಲನೆ ಒತ್ತಿದರೆ ಸಾಕು. ರುಬ್ಬಿದಾಗ ಎಲೆಯ ಜೀವಕೋಶಗಳೇ ಸಿಡಿದು ಹರಿತ್ತು, ಒಗರು, ಹುಲ್ಲಿನ ವಾಸನೆಯ ರಸಗಳೆಲ್ಲ ಹೊರಬಂದು, ನಮಗೆ ಬೇಕಾದ ತೈಲ ಅವುಗಳ ನಡುವೆ ಎಲ್ಲೋ ಕಳೆದುಹೋಗುತ್ತದೆ. ಬಾರ್‌ಗಳಲ್ಲಿ ಮಡ್ಲರ್ ಎಂಬ ಮರದ ಗುಂಡು ಕೋಲನ್ನು ಬಳಸುತ್ತಾರೆ. ಹಲ್ಲಿಲ್ಲದ ಅಜ್ಜಿಯರು ಎಲೆ ಅಡಿಕೆ ಜಜ್ಜಿಕೊಳ್ಳುವ ಕುಟ್ಟಾಣಿಯ ಕೋಲು ಇನ್ನೂ ಮನೆಯಲ್ಲಿದ್ದರೆ ಅದೇ ಸಾಕು, ಆದರೆ ಅಜ್ಜಿಯ ಹಾಗೆ ಕುಟ್ಟಬಾರದು. ನಾಲ್ಕೈದು ಸಲ ಒತ್ತಿ ಒಂದು ಸುತ್ತು ತಿರುಗಿಸಿ ನಿಲ್ಲಿಸಬೇಕು.

ಪೆಪ್ಪರ್‌ಮಿಂಟ್ ಎಸೆನ್ಸ್ ಏಕೆ ಕೂಡದು ಎಂಬುದಕ್ಕೂ ಉತ್ತರ ಎಲೆಯಲ್ಲೇ ಇದೆ. ಜೂಲೆಪ್‌ಗೆ ಬಳಸುವುದು ಸ್ಪಿಯರ್‌ಮಿಂಟ್. ನಮ್ಮ ಸಂತೆಗಳಲ್ಲಿ ಕಟ್ಟುಕಟ್ಟಾಗಿ ಸಿಗುವ ಪುದೀನವೂ ಬಹುಮಟ್ಟಿಗೆ ಅದೇ ಬಳಗದ್ದು. ಸ್ಪಿಯರ್‌ಮಿಂಟ್‌ನ ಮುಖ್ಯ ಸುಗಂಧ ಕಾರ್ವೋನ್, ಪೆಪ್ಪರ್‌ಮಿಂಟ್‌ನದು ಮೆಂಥಾಲ್. ನಮ್ಮ ನರಗಳಲ್ಲಿ ಚಳಿಯನ್ನು ಗುರುತಿಸಲು ಇರುವ ಗ್ರಾಹಕವನ್ನೇ ಮೆಂಥಾಲ್ ಹೋಗಿ ತಟ್ಟುತ್ತದೆ, ಆದ್ದರಿಂದ ತಣ್ಣಗಿಲ್ಲದಿದ್ದರೂ ಬಾಯಿ ತಣ್ಣಗಾದಂತೆ ಅನಿಸುತ್ತದೆ. ಮೆಣಸಿನಕಾಯಿ ಬಾಯಿಗೆ ಬಿಸಿಯೆನಿಸುವುದೂ ಮೆಂಥಾಲ್ ತಂಪೆನಿಸುವುದೂ ಇಂಥ ಗ್ರಾಹಕಗಳಿಂದಲೇ ಎಂದು ತೋರಿಸಿದ ಡೇವಿಡ್ ಜೂಲಿಯಸ್ ಅವರಿಗೆ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ 2021ರ ನೊಬೆಲ್ ಪ್ರಶಸ್ತಿ ಬಂದಾಗ, ಬ್ಯಾಡಗಿ ಸೀಮೆಯವನಾದ ನನಗೆ ಆದ ಸಂತೋಷಕ್ಕೆ ಕಾರಣ ಹೇಳಬೇಕಾಗಿಲ್ಲ. ಮೆಂಥಾಲ್ ಹೆಚ್ಚಾದರೆ ನಾಲಿಗೆ ಜೋಮು ಹಿಡಿದು ಓಕಿನ ವೆನಿಲಾ, ಪೀಚ್‌ನ ಘಮ ಏನೂ ತಿಳಿಯದೆ ಹಲ್ಲುಜ್ಜಿದ ಅನುಭವವಷ್ಟೇ ಉಳಿಯುತ್ತದೆ. ಮುಚ್ಚಿಹಾಕುವುದೇ ಗುರಿಯಾದರೆ ಎಸೆನ್ಸ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ, ನಿಜ. ಕಾರ್ವೋನ್ ಅಷ್ಟು ದಬ್ಬಾಳಿಕೆ ಮಾಡುವುದಿಲ್ಲ. ಅದರ ಅಣುವಿಗೆ ಕನ್ನಡಿಯ ಬಿಂಬದಂಥ ಇನ್ನೊಂದು ರೂಪವಿದೆ, ಎಡಗೈಗೆ ಬಲಗೈ ಇದ್ದ ಹಾಗೆ. ಒಂದು ರೂಪ ಪುದೀನದ ವಾಸನೆ ಕೊಟ್ಟರೆ ಅದರ ಬಿಂಬ ಸಬ್ಬಸಿಗೆಯ ಬೀಜದಲ್ಲಿದೆ. ಅಣು ಅದೇ, ತಿರುವು ಬೇರೆ, ಮೂಗಿಗೆ ಎರಡು ಬೇರೆ ಸೊಪ್ಪು. ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ ತಟ್ಟುವಾಗಲೆಲ್ಲ ನನಗಿದು ನೆನಪಾಗುತ್ತದೆ.

ಪೀಚ್ ಬೋರ್ಬನ್‌ಗೆ ಒಗ್ಗುವುದು ಆಕಸ್ಮಿಕವಲ್ಲ ಎಂಬುದು ನನ್ನ ನಂಬಿಕೆ. ಹಣ್ಣಾದ ಪೀಚ್‌ನ ವಿಶಿಷ್ಟ ಪರಿಮಳಕ್ಕೆ ಮುಖ್ಯ ಕಾರಣ ಗಾಮಾ ಡೆಕಾಲ್ಯಾಕ್ಟೋನ್. ಓಕಿನಿಂದ ವಿಸ್ಕಿಗೆ ಬರುವುದೂ ಒಂದು ಲ್ಯಾಕ್ಟೋನ್. ಎರಡೂ ಒಂದೇ ಕುಲದ ಸಂಯುಕ್ತಗಳು, ಒಂದು ಹಣ್ಣಿನ ಕಡೆಗೆ ವಾಲುತ್ತದೆ, ಇನ್ನೊಂದು ಕೊಬ್ಬರಿಯ ಕಡೆಗೆ. ಎರಡನ್ನೂ ಒಂದೇ ಲೋಟದಲ್ಲಿ ಮೂಸಿದಾಗ ಯಾವುದು ಹಣ್ಣಿನದು, ಯಾವುದು ಮರದ್ದು ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ. ಡಬ್ಬಿಯ ಪೀಚ್ ಕಾಯಿಸಿ ತುಂಬಿದ ಹಣ್ಣಾದ್ದರಿಂದ ಆ ಪರಿಮಳದ ಹೆಚ್ಚಿನ ಪಾಲು ಅದರಲ್ಲಿ ಉಳಿದಿರುವುದಿಲ್ಲ. ಉಳಿಯುವುದು ಸಿಹಿ ಮತ್ತು ಮೆತ್ತನೆಯ ತಿರುಳು. ಹಿಮಾಚಲದ ಪೀಚ್ ಬೆಂಗಳೂರಿನ ಮಾರುಕಟ್ಟೆಗೆ ಬರುವ ಕೆಲವು ವಾರಗಳನ್ನು ಬಿಟ್ಟರೆ ತಾಜಾ ಹಣ್ಣು ನಮ್ಮಲ್ಲಿ ಅಪರೂಪವೆಂದು ಬಲ್ಲೆ. ಅಂಥ ಹೊತ್ತಿನಲ್ಲಿ ಡಬ್ಬಿ ತೆರೆಯುವುದಕ್ಕಿಂತ ಮಾವು ಲೇಸು, ಏಕೆಂದರೆ ಮಾವಿನ ಹಣ್ಣಿನಲ್ಲಿಯೂ ಲ್ಯಾಕ್ಟೋನ್‌ಗಳಿವೆ. ಬಾದಾಮಿ ಮಾವಿನ ಎರಡು ತೆಳು ಹೋಳು ಸಾಕು. ಹೆಚ್ಚು ಹಾಕಿದರೆ ಸೀಕರಣೆಯಾಗುತ್ತದೆ.

ನಿಂಬೆಯನ್ನು ಬರಹದಲ್ಲಿ ಹೆಸರಿಸಿಯೇ ಇಲ್ಲ. ಹುಳಿಯಿಲ್ಲದೆ ಹಣ್ಣು ಮತ್ತು ಸಕ್ಕರೆ ಸೇರಿದರೆ ನಾಲಿಗೆಯ ಮೇಲೆ ಅಂಟು ನಿಂತಂತಾಗುತ್ತದೆ, ಎರಡನೆಯ ಗುಟುಕಿಗೇ ಸಾಕೆನಿಸುತ್ತದೆ. ಇಲ್ಲಿ ಬಳಸುವುದು ದಪ್ಪ ಸಿಪ್ಪೆಯ ಹಳದಿ ಲೆಮನ್. ವಿಜಯಪುರದ ಇಂಡಿ ಕಡೆಯಿಂದ ಬರುವ ನಮ್ಮ ತೆಳುಸಿಪ್ಪೆಯ ನಿಂಬೆ ಬೇರೆಯೇ ಜಾತಿ, ಹುಳಿ ಚುರುಕು, ಸಿಪ್ಪೆ ಜಜ್ಜಿದರೆ ಕಹಿ. ಆದ್ದರಿಂದ ಲೆಮನ್ನಿನಂತೆ ಸಿಪ್ಪೆ ಸಮೇತ ಜಜ್ಜದೆ ರಸವನ್ನಷ್ಟೇ ಹಿಂಡಿ, ಅಳತೆಯನ್ನು ಕೊಂಚ ಕಡಿಮೆ ಮಾಡಿಕೊಳ್ಳಬೇಕು. ಸಕ್ಕರೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸಮತೂಕದ ಬಿಸಿನೀರಿನಲ್ಲಿ ಕರಗಿಸಿ ಆರಿಸಿಡಿ, ತಣ್ಣನೆಯ ಮದ್ಯದಲ್ಲಿ ಹರಳು ಸಕ್ಕರೆ ಬೇಗ ಕರಗುವುದಿಲ್ಲ.

ಐಸ್ ಕೂಡ ಒಂದು ಸಾಮಗ್ರಿ ಎಂಬುದನ್ನು ನಿಮ್ಮ ಬರಹವೊಂದೇ ಅಲ್ಲ, ಇಂಥ ಬಹುತೇಕ ಬರಹಗಳು ಮರೆಯುತ್ತವೆ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖವನ್ನು ಸುತ್ತಲಿನಿಂದ ಹೀರಿಕೊಳ್ಳುತ್ತದೆ. ಪಾನೀಯ ತಣ್ಣಗಾಗುವುದು ಐಸ್ ತಣ್ಣಗಿರುವುದರಿಂದ ಅಲ್ಲ, ಮುಖ್ಯವಾಗಿ ಅದು ಕರಗುವುದರಿಂದ. ಕರಗಿದ ನೀರು ಪಾನೀಯದ ಪಾಲಾಗುತ್ತದೆ. ಅಂದರೆ ತಣ್ಣಗಾಗುವುದು ಮತ್ತು ತೆಳ್ಳಗಾಗುವುದು ಎರಡೂ ಜೊತೆಯಾಗಿಯೇ ನಡೆಯುವ ಕೆಲಸಗಳು. ಪುಡಿ ಐಸಿಗೆ ಮೈ ಹೆಚ್ಚಾದ್ದರಿಂದ ಬೇಗ ಕರಗುತ್ತದೆ, ಬೇಗ ತಣಿಸುತ್ತದೆ. ಇದಕ್ಕಾಗಿಯೇ ನಾನು ಈ ಪಾನೀಯಕ್ಕೆ ಶೇ 50ರ ಬಾಟಲ್ಡ್ ಇನ್ ಬಾಂಡ್ ಬೋರ್ಬನ್ನನ್ನೇ ಇಷ್ಟಪಡುತ್ತೇನೆ. ಶೇ 40ರದ್ದು ಅರ್ಧ ಲೋಟ ಮುಗಿಯುವಷ್ಟರಲ್ಲಿ ನೀರುನೀರಾಗುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಬಡಿದರೆ ಸಾಕು, ಯಂತ್ರ ಬೇಡ.

ಮಾಡುವ ಬಗೆ ಹೀಗೆ. ಸಿಪ್ಪೆ ತೆಗೆದ ಹಣ್ಣು ಪೀಚ್‌ನ ನಾಲ್ಕು ಹೋಳನ್ನು ಗಟ್ಟಿ ಲೋಟದಲ್ಲಿ 15 ಮಿಲಿಲೀಟರ್ ಸಕ್ಕರೆ ಪಾಕ ಮತ್ತು 20 ಮಿಲಿಲೀಟರ್ ಲೆಮನ್ ರಸದೊಂದಿಗೆ ಚೆನ್ನಾಗಿ ಜಜ್ಜಿ. ನಮ್ಮ ನಿಂಬೆಯಾದರೆ ರಸ 15 ಸಾಕು. ಹಣ್ಣಿಗೆ ಪೆಟ್ಟು ಬೀಳುವುದೆಲ್ಲ ಬಿದ್ದು ಮುಗಿದ ಮೇಲೆಯೇ ಎಂಟು ಹತ್ತು ಪುದೀನ ಎಲೆಗಳನ್ನು ಹಾಕಿ ಮೆಲ್ಲನೆ ಒತ್ತಿ, ಎರಡನ್ನೂ ಒಟ್ಟಿಗೆ ಜಜ್ಜಿದರೆ ನನ್ನ ಮಿಕ್ಸಿಯ ಕಥೆಯೇ ಮರುಕಳಿಸುತ್ತದೆ. 60 ಮಿಲಿಲೀಟರ್ ಬೋರ್ಬನ್ ಸುರಿದು, ಐಸ್ ತುಂಡುಗಳೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿ ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಕುಲುಕಿ. ಡಬ್ಬಿಯ ಹೊರಮೈ ಬೆವರಿ ಬೆರಳಿಗೆ ಅಂಟುವಂತಾದಾಗ ನಿಲ್ಲಿಸಿ. ಟೀ ಸೋಸುವ ಜರಡಿಯಲ್ಲಿ ಸೋಸಿ, ಪುಡಿ ಐಸ್ ತುಂಬಿದ ಲೋಟಕ್ಕೆ ಬಗ್ಗಿಸಿ. ಕೊನೆಗೆ ಪುದೀನದ ಒಂದು ತುದಿಯನ್ನು ಅಂಗೈಯಲ್ಲಿ ತಟ್ಟಿ ಲೋಟದ ಅಂಚಿನಲ್ಲಿ ನಿಲ್ಲಿಸಿ, ಅದರ ಪಕ್ಕದಲ್ಲೇ ಗಿಡ್ಡ ಸ್ಟ್ರಾ ಸಿಕ್ಕಿಸಿ. ಆ ಸ್ಟ್ರಾ ಗಿಡ್ಡವಿರಬೇಕಾದದ್ದು ಅಲಂಕಾರಕ್ಕಲ್ಲ: ಕುಡಿಯಲು ಬಗ್ಗಿದವರ ಮೂಗು ಪುದೀನದೊಳಗೆ ಹೋಗಬೇಕು. ಪುದೀನದ ಅರ್ಧ ಕೆಲಸ ನಡೆಯುವುದು ಲೋಟದ ಹೊರಗೆ, ಮೂಗಿನಲ್ಲಿ. ನಮ್ಮ ನೆರೆಮನೆಯ ಹಿರಿಯರು ಸ್ಟ್ರಾವನ್ನು ಕತ್ತರಿಯಿಂದ ಕತ್ತರಿಸುವಾಗ ಪುದೀನದ ಎತ್ತರಕ್ಕೆ ಹಿಡಿದು ಅಳೆದೇ ಕತ್ತರಿಸುತ್ತಾರೆ.

ಇದು ಹಗುರವಾದ ಪಾನೀಯ ಎಂಬ ಮಾತನ್ನು ತಿದ್ದಲೇಬೇಕು. ಶೇ 40ರ ಬೋರ್ಬನ್ 60 ಮಿಲಿಲೀಟರ್‌ನಲ್ಲಿ 24 ಮಿಲಿಲೀಟರ್ ಶುದ್ಧ ಮದ್ಯಸಾರವಿದೆ, ತೂಕದಲ್ಲಿ ಸುಮಾರು 19 ಗ್ರಾಂ. ಶೇ 50ರದ್ದಾದರೆ ಹತ್ತಿರ ಹತ್ತಿರ 24 ಗ್ರಾಂ. ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದು ಲೆಕ್ಕ ಹಿಡಿಯುವುದು 14 ಗ್ರಾಂ. ಪೀಚ್ ಆಗಲಿ ಪುದೀನವಾಗಲಿ ಅದರಲ್ಲಿ ಒಂದು ಹನಿಯನ್ನೂ ಕಡಿಮೆ ಮಾಡುವುದಿಲ್ಲ. ಗಂಟಲಿಗೆ ಉರಿಯಿಲ್ಲದೆ ಇಳಿಯುವುದರಿಂದ ಎಷ್ಟು ಕುಡಿದೆವೆಂಬ ಲೆಕ್ಕ ತಪ್ಪುತ್ತದೆ, ಅಷ್ಟೇ. ಡರ್ಬಿಯ ದಿನ ಸಂಜೆ ನಮ್ಮ ರಸ್ತೆಯ ಪಾದಚಾರಿ ದಾರಿಯ ಮೇಲೆ ಟೋಪಿ ಒಂದು ಕಡೆ, ತಾವು ಒಂದು ಕಡೆ ಕುಳಿತಿರುವವರನ್ನು ಪ್ರತಿ ವರ್ಷ ಕಾಣುತ್ತೇನೆ. ಅವರೆಲ್ಲರೂ ಅದನ್ನು ಹಗುರವೆಂದೇ ತಿಳಿದಿದ್ದವರು. ಮದ್ಯ ಬೇಡವೆನ್ನುವವರಿಗೆ ನನ್ನ ಹೆಂಡತಿ ಕಂಡುಕೊಂಡ ಉಪಾಯವಿದೆ: ಬೋರ್ಬನ್ನಿನ ಜಾಗದಲ್ಲಿ ಗಟ್ಟಿಯಾಗಿ ಕುದಿಸಿ ಆರಿಸಿದ, ಹಾಲಿಲ್ಲದ ಚಹಾ. ಓಕಿನ ಒಗರಿನ ಜಾಗವನ್ನು ಚಹಾದ ಒಗರು ತುಂಬುತ್ತದೆ. ಉಳಿದದ್ದೆಲ್ಲ ಯಥಾಪ್ರಕಾರ, ಚಪ್ಪಾಳೆಯೂ ಸೇರಿ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದದ ಪತ್ರವೇ ಎಂದು ತಮಗೆ ಅನಿಸಬಹುದು. ಆದರೆ ಕಾಕ್‌ಟೇಲ್ ಮತ್ತು ಸಂಪಾದಕರ ನಂಟು ಹಳೆಯದು. 1806ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು ತನ್ನ ವರದಿಯಲ್ಲಿ ಕಾಕ್‌ಟೇಲ್ ಎಂಬ ಪದವನ್ನು ಬಳಸಿದಾಗ, ಹಾಗೆಂದರೇನು ಎಂದು ಓದುಗರೊಬ್ಬರು ಸಂಪಾದಕರಿಗೆ ಪತ್ರ ಬರೆದು ಕೇಳಿದರು. ಅದು ಯಾವುದಾದರೂ ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಎಂಬ ಕಹಿ ಸಾರ ಸೇರಿಸಿದ ಉತ್ತೇಜಕ ಪಾನೀಯ ಎಂದು ಸಂಪಾದಕರು ಮೇ 13ರ ಸಂಚಿಕೆಯಲ್ಲಿ ಉತ್ತರಿಸಿದರು. ಆ ಪದಕ್ಕೆ ಅಚ್ಚಿನಲ್ಲಿ ಸಿಕ್ಕ ಮೊದಲ ವಿವರಣೆಯೆಂದು ಇಂದಿಗೂ ಎತ್ತಿ ಹೇಳುವುದು ಆ ಉತ್ತರವನ್ನೇ. ತಮ್ಮಿಂದ ನಾನು ಕೋರುವುದು ಅದಕ್ಕಿಂತ ಚಿಕ್ಕದು. ಮುಂದಿನ ಪುರವಣಿಯಲ್ಲಿ, ಪುದೀನವನ್ನು ರುಬ್ಬದೆ ಒತ್ತಬೇಕು, ಎಸೆನ್ಸ್ ಬಳಸಬಾರದು, ಲೆಮನ್ ಅಥವಾ ನಿಂಬೆ ರಸ ಸೇರಿಸಬೇಕು, ಮತ್ತು ಒಂದು ಲೋಟದಲ್ಲಿ 60 ಮಿಲಿಲೀಟರ್ ವಿಸ್ಕಿಯ ಪೂರ್ತಿ ಅಮಲು ಇರುತ್ತದೆ ಎಂಬ ತಿದ್ದುಪಡಿಯನ್ನು ಪ್ರಕಟಿಸಿ. ಬೋರ್ಬನ್ ಬದಲು ಯಾವ ವಿಸ್ಕಿಯಾದರೂ ಆದೀತು ಎಂಬ ಸಾಲನ್ನು ಪೂರ್ತಿ ಕೈಬಿಟ್ಟರೆ ಇನ್ನೂ ಸಂತೋಷ.

ಇಂತಿ ತಮ್ಮ ವಿಶ್ವಾಸಿ,
ಹಾವೇರಿ ಮೂಲದ ಓದುಗ,
ಲೂಯಿವಿಲ್, ಕೆಂಟಕಿ